ಇಲ್ಲಿ ‘ಲೇಟ್’ ಅಂದರೆ ತೀರಿಕೊಂಡವರಲ್ಲ

ನನ್ನ ಸೊಸೆ ಇಂಗ್ಲೆಂಡಿನವಳು. ಮಗು ಹುಟ್ಟಿದ ಮೇಲೆ ಅವಳಿಗೆ ತನ್ನ ತಾಯಿಯ ಕಡೆಯ ಹಿರಿಯರನ್ನು ಹುಡುಕುವ ಆಸೆ ಬಂತು. ನಾನು ಇಪ್ಪತ್ತೆಂಟು ವರ್ಷ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವಳು, ಹಳೇ ಕೈಬರಹ ನನಗೆ ಕಷ್ಟವಲ್ಲ. ಹಾಗಾಗಿ ಸಿಕ್ಕಿದ ಪ್ರಮಾಣಪತ್ರಗಳನ್ನೆಲ್ಲ ನನಗೂ ಕಳಿಸುತ್ತಾಳೆ. ಶನಿವಾರ ರಾತ್ರಿ ವಿಡಿಯೋ ಕಾಲಿನಲ್ಲಿ ಇಬ್ಬರೂ ಕೂತು ಓದುತ್ತೇವೆ.

ಮೊದಲು ಬಂದಿದ್ದು ಅವಳ ಮುತ್ತಜ್ಜಿಯ ತಾಯಿಯ ಜನನ ಪ್ರಮಾಣಪತ್ರ, 1878ರದ್ದು. ತಾಯಿಯ ಕಾಲಂನಲ್ಲಿ ಹೆಸರು, ಗಂಡನ ಮನೆತನದ ಹೆಸರು, ಆಮೇಲೆ ‘ಲೇಟ್’ ಅಂತ ಒಂದು ಮನೆತನ, ‘ಫಾರ್ಮರ್ಲಿ’ ಅಂತ ಇನ್ನೊಂದು. ‘ಅಯ್ಯೋ, ಬಾಣಂತಿ ತೀರಿಕೊಂಡಳಾ?’ ಅಂದೆ. ನಾವು ‘ಲೇಟ್’ ಅಂತ ಬರೆಯೋದು ಅದಕ್ಕೇ ಅಲ್ವಾ? ಆದರೆ ಬದಿಯಲ್ಲೇ ಮಾಹಿತಿ ಕೊಟ್ಟವರ ಕಾಲಂ ಇತ್ತು. ಅಲ್ಲಿ ಅದೇ ಹೆಂಗಸಿನ ಹೆಸರು, ಸಹಿಯ ಜಾಗದಲ್ಲಿ ಎಕ್ಸ್ ಗುರುತು. ಅಂದರೆ ಮಗು ಹುಟ್ಟಿದ ಮೇಲೆ ಆಕೆಯೇ ಬಂದು ಬರೆಸಿದ್ದಾಳೆ.

ಇಂಥ ಪತ್ರಗಳಲ್ಲಿ ‘ಫಾರ್ಮರ್ಲಿ’ ಅಂದರೆ ತವರಿನ ಹೆಸರು. ‘ಲೇಟ್’ ಅಂದರೆ ಈ ಮದುವೆಗಿಂತ ಮುಂಚೆ ಇಟ್ಟುಕೊಂಡಿದ್ದ ಹೆಸರು, ಸಾಮಾನ್ಯವಾಗಿ ಹಿಂದಿನ ಗಂಡನದ್ದು. ಆಕೆಗೆ ಇದು ಎರಡನೇ ಮದುವೆ! ಸೊಸೆ ಮೂರು ವಾರದಿಂದ ತವರಿನ ಹೆಸರು ಹಿಡಿದು ಮದುವೆ ದಾಖಲೆ ಹುಡುಕುತ್ತಿದ್ದಳು. ಆ ‘ಲೇಟ್’ ಹೆಸರು ಹಾಕಿ ನೋಡಿದರೆ ಅರ್ಧ ಗಂಟೆಯಲ್ಲಿ ಸಿಕ್ಕಿತು. 1874ರ ಮದುವೆ. ವಧುವಿನ ಮುಂದೆ ‘ವಿಧವೆ’ ಅಂತ ಬರೆದಿತ್ತು.

ಮಗು ಹುಟ್ಟಿದ್ದು ಮಾರ್ಚ್ 3, ನೋಂದಣಿ ಆಗಿದ್ದು ಏಪ್ರಿಲ್ 14. ಎಣಿಸಿದೆ, ಸರಿಯಾಗಿ 42 ದಿನ. ಅಲ್ಲಿ ನೋಂದಣಿಗೆ ಇದ್ದ ಗಡುವೂ 42 ದಿನವೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ರಂದು. ಆದರೆ ಹುಟ್ಟನ್ನು ಬರೆಸೋ ಹೊಣೆ ಬಿಗಿಯಾಗಿ ತಂದೆ ತಾಯಿಯ ಮೇಲೆ ಬಿದ್ದಿದ್ದು 1875ರಿಂದ. ದಂಡದ ಭಯಕ್ಕೆ ಹುಟ್ಟಿದ ದಿನವನ್ನೇ ಮುಂದೆ ಹಾಕಿ ಹೇಳಿದವರಿದ್ದಾರೆ. ಈಕೆ ಹಾಗೆ ಮಾಡಿದಳು ಅಂತಲ್ಲ. ಆದರೂ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡದೆ ಆ ತಾರೀಖನ್ನು ನಂಬಬೇಡ ಅಂತ ಸೊಸೆಗೆ ಹೇಳಿದ್ದೇನೆ.

ಆ ಮಗುವೇ ಬೆಳೆದು 1897ರಲ್ಲಿ ಮದುವೆಯಾದಳು. ಆಗ ಅವಳಿಗೆ ಹತ್ತೊಂಬತ್ತು. ಪತ್ರದಲ್ಲಿ ಮಾತ್ರ ‘ಫುಲ್ ಏಜ್’ ಅಂತಿದೆ, ಅಂದರೆ ಇಪ್ಪತ್ತೊಂದು ತುಂಬಿದವಳು. ಅದಕ್ಕಿಂತ ಚಿಕ್ಕವಳಾದರೆ ಮನೆಯವರ ಒಪ್ಪಿಗೆ ಬೇಕಿತ್ತು. ಕೇಳಿದವರಿಗೆ ವಯಸ್ಸು ಹೇಳಿದಳು, ಅವರು ಬರೆದುಕೊಂಡರು, ಅಷ್ಟೇ. ಯಾರೂ ಜನನ ಪತ್ರ ತೆಗೆಸಿ ನೋಡಲಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಒಂದೇ ವಿಳಾಸ ಇರೋದು ನೋಡಿ ಸೊಸೆ, ಮದುವೆಗೆ ಮುಂಚೆಯೇ ಜೊತೆಗಿದ್ದರು ಅಂದುಕೊಂಡಳು. ಇರಬಹುದು. ಆದರೆ ಮದುವೆಗೆ ಮುಂಚೆ ಚರ್ಚಿನಲ್ಲಿ ಅದರ ಪ್ರಕಟಣೆ ಓದಿಸಬೇಕಿತ್ತು; ಇಬ್ಬರ ವಿಳಾಸ ಬೇರೆ ಬೇರೆ ಚರ್ಚಿನ ವ್ಯಾಪ್ತಿಯಲ್ಲಿದ್ದರೆ ಎರಡೂ ಕಡೆ ಓದಿಸಬೇಕು. ಆ ಎರಡರ ಖರ್ಚು ತಪ್ಪಿಸೋಕೆ ಸುಮ್ನೆ ಒಂದೇ ವಿಳಾಸ ಕೊಡುವವರೂ ಜಾಸ್ತಿ ಇದ್ದರು.

ನನಗೆ ತುಂಬಾ ನೋವಾಗಿದ್ದು ಅದೇ ಪತ್ರದ ಇನ್ನೊಂದು ವಿಷಯಕ್ಕೆ. ವಧೂವರರ ತಂದೆಯರ ಹೆಸರಿದೆ, ಅವರ ಕಸುಬಿದೆ. ತಾಯಂದಿರಿಗೆ ಕಾಲಂ ಇಲ್ಲ. 2021ರ ಮೇ ತಿಂಗಳವರೆಗೂ ಅಲ್ಲಿ ಹಾಗೇ ಇತ್ತಂತೆ. ಎಕ್ಸ್ ಗುರುತು ಹಾಕಿ ಮಗಳ ಹುಟ್ಟು ಬರೆಸಿದ ಆ ಹೆಂಗಸು, ಮಗಳ ಮದುವೆಯ ಕಾಗದದಲ್ಲಿ ಎಲ್ಲೂ ಇಲ್ಲ.

ಆಕೆಯ ಮೊದಲ ಗಂಡನ ಮರಣ ಪತ್ರಕ್ಕೆ ಸೊಸೆ ಅರ್ಜಿ ಹಾಕಿದ್ದಾಳೆ. ಆ ಮದುವೆಯಲ್ಲೂ ಮಕ್ಕಳಿದ್ದರಾ ಅಂತ ನೋಡಬೇಕು.