ಬಾಗೋ ಸಾಕೆಟ್

ಗೇರ್‌ಬಾಕ್ಸ್ ಇಳಿಸುವಾಗ ಬೆಲ್ ಹೌಸಿಂಗಿನ (ಎಂಜಿನ್ನಿಗೆ ಕೂಡೋ ಕಡೆಯ ಗಂಟೆಯಾಕಾರದ ಕವಚ) ಮೇಲಿನ ಬೋಲ್ಟು ಬಿಚ್ಚಿದವರಿಗೇ ಗೊತ್ತು ಆ ಕಷ್ಟ. ಕಣ್ಣಿಗೆ ಕಾಣಲ್ಲ, ನೇರ ಸಾಕೆಟ್ ಕೂರಲ್ಲ. ನಿನ್ನೆ ದಾವಣಗೆರೆಯ ಹಳೇ ಪಿ.ಬಿ. ರೋಡಿನಲ್ಲಿ ಕಡೆಗೂ ಸ್ವಿವೆಲ್ ಸಾಕೆಟ್ ಸೆಟ್, ಅಂದ್ರೆ ನಡುವೆ ಕೀಲಿದ್ದು ಬಾಗೋ ಸಾಕೆಟ್ಟುಗಳು, ತಗೊಂಡೆ. ಹಿಡಿ ಸಿಕ್ಕಿಸೋ ಚೌಕ ತೂತು (ಡ್ರೈವ್) 3/8 ಇಂಚು, ಬೋಲ್ಟಿನ ತಲೆಯ ಅಳತೆ 10ರಿಂದ 19 ಎಂಎಂ.

ಅಂಗಡಿಯಲ್ಲಿ ಒಂದು ಗಂಟೆ ನಿಂತಿದ್ದೆ. ಒಳಗೆ 12 ಮೂಲೆ ಇರೋದು ಬೇಗ ಕೂರುತ್ತೆ, ನಿಜ. ಆದ್ರೆ ತುಕ್ಕು ಹಿಡಿದ ಬೋಲ್ಟಿನ ತಲೆ ಸವೆಸಿಬಿಡುತ್ತೆ, ಅದಕ್ಕೇ 6 ಮೂಲೆಯದ್ದು ಆರಿಸಿದೆ. ಒಂದೊಂದನ್ನೂ ಅಡ್ಡ ಹಿಡಿದು ನೋಡಿದೆ. ಕೀಲು ತಂತಾನೇ ಜೋತು ಬಿದ್ರೆ ಬೇಡ. ಬಾಗಿಸಿದಲ್ಲೇ ನಿಲ್ಲಬೇಕು, ಇಲ್ಲಾಂದ್ರೆ ಇಕ್ಕಟ್ಟಿನಲ್ಲಿ ಅದನ್ನ ಹಿಡಿಯೋಕೇ ಇನ್ನೊಂದು ಕೈ ಬೇಕು. ಈ ಹೊಳೆಯೋ ಕ್ರೋಮ್ ವೆನೇಡಿಯಂ ಸೆಟ್ಟು ಕೈಕೆಲಸಕ್ಕೆ ಮಾತ್ರ. ಬಡಿದು ಬಡಿದು ತಿರುಗಿಸೋ ಇಂಪ್ಯಾಕ್ಟ್ ಗನ್ನಿಗೆ ಹಾಕಿದ್ರೆ ಸೀಳಿ ಚೂರು ಹಾರಬಹುದು ಅಂತ ಗ್ಯಾರೇಜಿನ ಹುಡುಗನಿಗೆ ಎರಡು ಸಲ ಹೇಳಿದೀನಿ. ಕೊನೆಯ ಬಿಗಿತಾನೂ ಇದರಲ್ಲಿ ಮಾಡಲ್ಲ, ಕೀಲು ಬಾಗಿದಷ್ಟೂ ಟಾರ್ಕ್ (ತಿರುಗಿಸೋ ಬಲ) ಏರುಪೇರಾಗುತ್ತೆ.

ಬೆಳಿಗ್ಗೆ ಆ ಬೋಲ್ಟು ಐದೇ ನಿಮಿಷಕ್ಕೆ ಬಂತು. ನನಗೆ ಕೆಲಸ ಕಲಿಸಿದ ಉಸ್ತಾದರ ಬೆರಳ ಗೆಣ್ಣು ತುಂಬಾ ಗಾಯದ ಗುರುತು. ಅರ್ಧ ಇಂಥ ಬೋಲ್ಟುಗಳದ್ದೇ. ಭಾನುವಾರ ಸೆಟ್ಟು ತಗೊಂಡು ಹೋಗಿ ಅವರ ಕೈಗೆ ಕೊಡ್ತೀನಿ, ಒಂದ್ಸಲ ಬಾಗಿಸಿ ನೋಡಲಿ.