ತಪಾಸಣೆ ಹಾಳೆ, ಆರನೇ ಆವೃತ್ತಿ: ಪೆಡಲ್ ಕೋಲು ಕೊನೆಗೂ ನಿಂತಿತು

ಲಾರಿ ಹೊರಡುವ ಮೊದಲು ಚಾಲಕರು ಗಾಡಿ ಸುತ್ತಿ ನೋಡಿ ತುಂಬುವ ಹಾಳೆ ಇದು. ಅದಕ್ಕಾಗಿ ಮಾಡಿದ, ಬ್ರೇಕ್ ಪೆಡಲ್ ಒತ್ತಿ ಹಿಡಿಯುವ ಕೋಲು ಈಗ ಐದು ನಿಮಿಷ ಬಿಟ್ಟರೂ ಕೂದಲೆಳೆಯಷ್ಟು ಜಾರುತ್ತಿಲ್ಲ. ಚಾಲಕರು ಒಬ್ಬರೇ ಇದ್ದರೂ ಬ್ರೇಕ್ ಲೈಟು, ಪುಶ್ ರಾಡಿನ (ಗಾಳಿಯ ಒತ್ತಡಕ್ಕೆ ಹೊರಚಾಚಿ ಚಕ್ರದ ಬ್ರೇಕ್ ಹಿಡಿಸುವ ಸರಳು) ಓಟ, ಒತ್ತಿ ಹಿಡಿದಾಗಿನ ಗಾಳಿ ಸೋರಿಕೆ, ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿ ಮುಗಿಸಬಹುದು. ಹಾಳೆಯ ಸಾಲುಗಳನ್ನು ನಡೆಯುವ ದಾರಿಯ ಕ್ರಮಕ್ಕೆ ತಂದದ್ದು, ಚಕ್ರದ ನಟ್‌ಗಳಿಗೆ ಹಳದಿ ಬಾಣ ಹಾಕಿದ್ದು, ಎಣ್ಣೆ, ನೀರು, ಬೆಲ್ಟು ಇವೆಲ್ಲ ನಿಮಗೆ ಗೊತ್ತಿರುವಂಥವೇ. ನೇರ ಕೋಲಿಗೆ ಬರೋಣ. ಎರಡು ತಿಂಗಳು ತಿಂದದ್ದು ಅದೇ.

ಐದನೇ ಆವೃತ್ತಿಯ ಹಾಳೆಗಳು ತಪ್ಪದೆ ತುಂಬಿ ಬರುತ್ತಿದ್ದವು. ಆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತದ ಟಿಕ್. ಇದಕ್ಕೆ ಎಲ್ಲರೂ ಹುಡುಕುವ ಮದ್ದು ಕಾವಲು: ಗಾಡಿಯ ಸುತ್ತ ಕ್ಯೂಆರ್ ಚೀಟಿ ಅಂಟಿಸು, ಫೋಟೊ ಕೇಳು, ಸಮಯ ದಾಖಲಿಸು. ನಾವೂ ಮೊದಲು ಅದನ್ನೇ ಮಾಡಿದೆವು. ಚೀಟಿ ಸ್ಕ್ಯಾನ್ ಆಗುತ್ತಿತ್ತು, ಚೀಟಿಯಿಂದ ಒಂದಡಿ ಆಚೆಗಿನ ಟೈರನ್ನು ಯಾರೂ ನೋಡಿರುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಾಳೆ ಹಿಡಿದು ಒಬ್ಬರೇ ಗಾಡಿ ಸುತ್ತಿ ನೋಡಿದಾಗ ಗಂಟು ಎಲ್ಲಿದೆ ಎಂದು ತಿಳಿಯಿತು. ಒಂಟಿ ಮನುಷ್ಯನ ಕೈಲಾಗದ ಕೆಲಸ ಹಾಳೆಯಲ್ಲೇ ಇತ್ತು. ಪೆಡಲ್ ಒತ್ತಿಕೊಂಡೇ ಹಿಂದೆ ಹೋಗಿ ಲೈಟು ನೋಡಬೇಕು. ಪೆಡಲ್ ಒತ್ತಿಕೊಂಡೇ ಗಾಡಿಯ ಕೆಳಗೆ ಪುಶ್ ರಾಡ್ ಅಳೆಯಬೇಕು. ಜೋಡಿ ಚಕ್ರದಲ್ಲಿ ಕೈ ಹೋಗದ ಜಾಗದಲ್ಲಿರುವ ಒಳಗಿನ ಟೈರಿಗೆ ಗೇಜ್ ಹಿಡಿಯಬೇಕು. ಬೆಳಗಿನ ಜಾವ ಯಾರ್ಡಿನಲ್ಲಿ ಇನ್ನೊಬ್ಬರು ಇರುವುದಿಲ್ಲ. ಆ ಸಾಲುಗಳಿಗೆ ಟಿಕ್ ಹಾಕದೆ ಗಾಡಿ ಹೊರಡುವಂತಿಲ್ಲ, ಹಾಕಿದರೆ ಸುಳ್ಳು. ದಿನಾ ಮೂರು ಸುಳ್ಳು ಬರೆಸಿಕೊಳ್ಳುವ ಹಾಳೆಯಲ್ಲಿ ಉಳಿದ ಸಾಲುಗಳನ್ನು ಯಾರು ಮನಸ್ಸಿಟ್ಟು ನೋಡುತ್ತಾರೆ? ತಪ್ಪು ಚಾಲಕರದ್ದಲ್ಲ, ಹಾಳೆಯದ್ದು.

ಅಮೆರಿಕದಲ್ಲಿ ಸರಕು ಲಾರಿಗಳ ಚಾಲಕರು ದೋಷ ಸಿಗದ ದಿನವೂ ವರದಿ ಬರೆದುಕೊಡಬೇಕೆಂಬ ನಿಯಮವನ್ನು 2014ರ ಡಿಸೆಂಬರಿನಲ್ಲಿ ತೆಗೆದರು. ಕಾಗದ ಹೋಯಿತು, ತಪಾಸಣೆ ಕಡ್ಡಾಯವಾಗಿಯೇ ಉಳಿಯಿತು. ಆರನೇ ಆವೃತ್ತಿಗೂ ಅದೇ ದಿಕ್ಕು: ಒಬ್ಬರೇ ಮಾಡಲಾಗದ ಸಾಲು ಹಾಳೆಯಲ್ಲಿ ಇರಬಾರದು. ಇರಲೇಬೇಕಾದರೆ ಮೊದಲು ಸಲಕರಣೆ ಮಾಡಿಕೊಡಬೇಕು.

ಈಗ ಕೋಲು. ಮೊದಲನೆಯದು ಮರದ ರೀಪು. ಒಂದು ತುದಿ ಪೆಡಲಿಗೆ, ಇನ್ನೊಂದು ಸೀಟಿನ ಮೆತ್ತೆಗೆ. ಲೈಟು ಹತ್ತಿತು, ಸೋರಿಕೆ ಪರೀಕ್ಷೆ ಪಾಸಾಯಿತು, ರಾಡಿನ ಓಟವೂ (ಹೆಚ್ಚಾದಷ್ಟೂ ಬ್ರೇಕ್ ಸಡಿಲ) ಮಿತಿಯೊಳಗೆ ಬಂತು. ಅದೇ ಚಕ್ರವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದರೆ ಓಟ ಇನ್ನೂ ಕಡಿಮೆ! ಓಟ ತಾನಾಗಿ ಕಡಿಮೆಯಾಗಲು ಸಾಧ್ಯವಿಲ್ಲ. ಕ್ಯಾಬಿನ್ ಕೆಳಗೆ ಕಿವಿ ಇಟ್ಟಾಗ ಗುಟ್ಟು ಬಯಲಾಯಿತು. ಬ್ರೇಕ್ ವಾಲ್ವಿನ ಎಕ್ಸಾಸ್ಟ್‌ನಿಂದ ಆಗಾಗ ಸಣ್ಣಗೆ ಗಾಳಿ ಬಿಡುತ್ತಿತ್ತು. ಮೆತ್ತೆಯ ಸ್ಪಂಜು ಕುಗ್ಗುತ್ತದೆ, ಏರ್ ಸೀಟು ತಾನೂ ಇಳಿಯುತ್ತದೆ, ಪೆಡಲ್ ಇಷ್ಟಿಷ್ಟೇ ಮೇಲೆ ಬರುತ್ತದೆ, ಚೇಂಬರಿನ, ಅಂದರೆ ರಾಡನ್ನು ತಳ್ಳುವ ಗಾಳಿ ಡಬ್ಬಿಯ, ಒತ್ತಡ ಬೀಳುತ್ತದೆ. ಕ್ಯಾಬಿನ್ನಿನ ಮುಳ್ಳು ತೋರಿಸುವುದು ಟ್ಯಾಂಕಿನ ಒತ್ತಡ, ಚೇಂಬರಿನದಲ್ಲ; ಆದ್ದರಿಂದ ಅಲ್ಲಿ ಏನೂ ಕಾಣುವುದಿಲ್ಲ. ಅಂದರೆ ಜಾರುವ ಕೋಲು ಕೆಟ್ಟ ಬ್ರೇಕನ್ನು ಒಳ್ಳೆಯದೆಂದು ತೋರಿಸುತ್ತದೆ. ಅಂಥ ಕೋಲಿಗಿಂತ ಕೋಲಿಲ್ಲದಿರುವುದೇ ಮೇಲು.

ಎರಡನೆಯದು ತಿರುಗಿಸಿ ಬಿಗಿ ಮಾಡುವ ಅಲ್ಯೂಮಿನಿಯಂ ಕೊಳವೆ. ಸರಬರಾಜುದಾರರು ಪಟ್ಟಿಯಲ್ಲಿ ತೋರಿಸಿದ್ದೇ ಬೇರೆ, ಕಳುಹಿಸಿದ್ದೇ ಬೇರೆ. ಒಳಗೆ ಬಿಗಿ ಹಿಡಿಯುವ ತುಂಡು ಪ್ಲಾಸ್ಟಿಕ್ಕಿನದು. ಪೂರ್ತಿ ಬ್ರೇಕಿನ ಒತ್ತಡಕ್ಕೆ ಮೂರನೇ ಸಲವೇ ಜಾರಿತು. ಬದಲಿ ಕೇಳಿದರೆ ಅದೇ ಮಾಲು ಮತ್ತೆ ಬಂತು.

ಮೂರನೆಯದು ನಿಂತಿದೆ. 25 ಮಿ.ಮೀ. ಚೌಕ ಉಕ್ಕಿನ ಕೊಳವೆ, 2 ಮಿ.ಮೀ. ದಪ್ಪದ್ದು, ಅದರೊಳಗೆ 20 ಮಿ.ಮೀ. ಕೊಳವೆ. 20 ಮಿ.ಮೀ.ಗೊಂದು ತೂತು, 8 ಮಿ.ಮೀ. ಪಿನ್ನು. ಪಿನ್ನಿನಿಂದ ಅಂದಾಜು ಉದ್ದ ಸಿಗುತ್ತದೆ. ಉಳಿದ ಬಿಗಿಗೆ ತುದಿಯಲ್ಲಿ ಎಂ16 ಸ್ಟಡ್ ಮತ್ತು ಉದ್ದ ನಟ್. ಒಂದು ಸುತ್ತಿಗೆ 2 ಮಿ.ಮೀ. ಹಿಂಬದಿಯ ತುದಿ ಮೆತ್ತೆಗೆ ತಾಗುವುದೇ ಇಲ್ಲ, ನೆಲಕ್ಕೆ ಬೋಲ್ಟ್ ಮಾಡಿರುವ ಸೀಟಿನ ಅಡಿ ಚೌಕಟ್ಟಿಗೆ ಯು ಆಕಾರದ ಹಿಡಿಯಿಂದ ಕೂರುತ್ತದೆ. ಪೆಡಲ್ ತುದಿಯಲ್ಲಿ ಎರಡೂ ಬದಿಗೆ ಅಂಚಿರುವ ತಟ್ಟೆ, ಇಲ್ಲದಿದ್ದರೆ ಪಕ್ಕಕ್ಕೆ ಚಿಮ್ಮುತ್ತದೆ. ತಟ್ಟೆಗೆ ಅಂಟಿಸುವ ರಬ್ಬರ್ 3 ಮಿ.ಮೀ. ಮೀರಬಾರದು. ಮೊದಲು ಹಾಕಿದ್ದ 10 ಮಿ.ಮೀ. ರಬ್ಬರ್ ತಾನೇ ಕುಗ್ಗಿ ಹಳೆಯ ಕಥೆಯನ್ನೇ ಶುರುಮಾಡಿತ್ತು. ಕೋಲಿನಿಂದ ಸ್ಟೇರಿಂಗಿಗೆ ಅಗಲವಾದ ಕೆಂಪು ಪಟ್ಟಿ ಕಟ್ಟಿದೆ, ಮರೆತು ಹೊರಡದಿರಲಿ ಎಂದು. ಕೋಲು, ಗಾಲಿ ಉರುಳದಂತೆ ಕೊಡುವ ಒತ್ತು, ಹಾಳೆ, ಮೂರಕ್ಕೂ ಒಂದೇ ಕೊಕ್ಕೆ.

ಬಳಸುವ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ಬಿಡಿಸಿ ಹೇಳಬೇಕು. ಸಮತಟ್ಟಾದ ಜಾಗ, ಗಾಲಿಗಳಿಗೆ ಹಿಂದೆ ಮುಂದೆ ಒತ್ತು. ಗಾಳಿ ಪೂರ್ತಿ ತುಂಬಿದ ಮೇಲೆ ಎಂಜಿನ್ ಆಫ್, ನಂತರ ಪಾರ್ಕಿಂಗ್ ಬ್ರೇಕ್ ಬಿಡಬೇಕು. ಬಿಡದಿದ್ದರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ರಾಡನ್ನು ಆಗಲೇ ಹೊರಗೆ ತಳ್ಳಿರುತ್ತದೆ. ಪೆಡಲ್ ತುಳಿದು ಬಿಟ್ಟು ಒತ್ತಡವನ್ನು 90ರಿಂದ 100 ಪಿಎಸ್‌ಐಗೆ, ಅಂದರೆ ಸುಮಾರು 6.2ರಿಂದ 6.9 ಬಾರ್‌ಗೆ ಇಳಿಸಿ, ಕಾಲಿನಿಂದ ಪೂರ್ತಿ ಒತ್ತಿ ಕೋಲು ಕೊಟ್ಟು ನಟ್ ಬಿಗಿಯಬೇಕು. ಮೊದಲ ಇಳಿತ ನಿಂತ ಮೇಲೆ ಒಂದು ನಿಮಿಷ ಮುಳ್ಳು ನೋಡುವುದು. ಅಮೆರಿಕದ ಚಾಲಕರ ಕೈಪಿಡಿಯ ಮಿತಿ ಒಂಟಿ ಗಾಡಿಗೆ 3 ಪಿಎಸ್‌ಐ, ಟ್ರೈಲರ್ ಸಮೇತ 4. ಆ ನಿಮಿಷದಲ್ಲಿ ಎಕ್ಸಾಸ್ಟ್‌ನಿಂದ ಬುಸ್ ಎಂದರೆ ಕೋಲು ಜಾರಿದೆ ಎಂದೇ ಅರ್ಥ, ಅಳತೆ ರದ್ದು. ಆಮೇಲೆ ಇಳಿದು ಒಂದು ಸುತ್ತು: ಲೈಟು, ರಾಡು.

ರಾಡಿಗೆ ಟೇಪು ಹಿಡಿಯುವ ಗೋಜು ಬೇಡವೆಂದು ಬಣ್ಣದ ಗುರುತು ಹಾಕಿದ್ದೇವೆ. ಬ್ರೇಕ್ ಪೂರ್ತಿ ಬಿಟ್ಟಿರುವಾಗ ಚೇಂಬರಿನ ಬಾಯಿಯಿಂದ ಹೊರಗೆ ಕಾಣುವ ರಾಡಿಗೆ ಬಾಯಿಗೆ ಹತ್ತಿಕೊಂಡೇ ಸಣ್ಣ ಬಿಳಿ ಗೆರೆ. ಒತ್ತಿದಾಗ ಬಾಯಿಯಿಂದ ಗೆರೆಗೆ ಇರುವ ದೂರವೇ ಓಟ. ಅದನ್ನು ಮಿತಿಯ ಉದ್ದಕ್ಕೆ ಕತ್ತರಿಸಿದ ತಗಡಿನ ಪಟ್ಟಿ ಹಿಡಿದು ನೋಡುವುದು, ಪಟ್ಟಿಗಿಂತ ಆಚೆ ಗೆರೆ ಹೋದರೆ ಗಾಡಿ ನಿಲ್ಲಬೇಕು. ಸಾಮಾನ್ಯ ಟೈಪ್ 30 (ಚೇಂಬರಿನ ಗಾತ್ರದ ಹೆಸರು) ಚೇಂಬರಿಗೆ ಮಿತಿ 51 ಮಿ.ಮೀ., ಲಾಂಗ್ ಸ್ಟ್ರೋಕ್, ಅಂದರೆ ಉದ್ದ ಓಟದ್ದು, ಆದರೆ 64. ಇವೆರಡರ ಪಟ್ಟಿ ಅದಲುಬದಲಾದರೆ ಅಪಾಯ, ಹಾಗಾಗಿ ಪಟ್ಟಿಯನ್ನು ಗಾಡಿಯ ಜೊತೆಗೇ ಸರಪಳಿಯಲ್ಲಿ ಕಟ್ಟಿದೆ. ಗಾಳಿ ಪೈಪು ಸೇರುವ ಜಾಗದ ಉಬ್ಬು ಚೌಕವಾಗಿದ್ದರೆ ಲಾಂಗ್ ಸ್ಟ್ರೋಕ್ ಎಂದು ಗುರುತಿಸಬಹುದು. ಒಂದು ಗಾಡಿಗೆ ಪಾರ್ಕಿಂಗ್ ಬ್ರೇಕ್ ಹಾಕಿರುವಾಗಲೇ ಗೆರೆ ಬಿದ್ದಿತ್ತು. ಆ ಹಿಂದಿನ ಆಕ್ಸಲ್ ಎಷ್ಟು ಸಡಿಲವಿದ್ದರೂ ಪಾಸಾಗುತ್ತಿತ್ತು. ಈಗ ಗೆರೆ ಹಾಕುವವರೂ ಕೋಲಿನ ಕ್ರಮವನ್ನೇ ಮೊದಲಿನಿಂದ ಅನುಸರಿಸುತ್ತಾರೆ.

ಮಿತಿ ಮೀರಿದ ಕಡೆ ಆಟೊ ಸ್ಲ್ಯಾಕ್ ಅಡ್ಜಸ್ಟರನ್ನು (ಬ್ರೇಕ್ ಸವೆದಂತೆ ಓಟವನ್ನು ತಾನಾಗಿ ಸರಿಮಾಡುವ ಭಾಗ) ಸ್ಪ್ಯಾನರಿನಿಂದ ತಿರುಗಿಸಿ ಸರಿ ಮಾಡಿ ಕಳುಹಿಸುವುದನ್ನು ಹಾಳೆ ಈಗ ನೇರವಾಗಿಯೇ ಬೇಡ ಎನ್ನುತ್ತದೆ. ತಾನಾಗಿ ಸರಿಮಾಡಿಕೊಳ್ಳಬೇಕಾದದ್ದು ಮಾಡಿಕೊಂಡಿಲ್ಲವೆಂದರೆ ಕ್ಲೆವಿಸ್ ಪಿನ್ನೋ, ಕ್ಯಾಮ್ ಬುಶ್ಶೋ, ಅಡ್ಜಸ್ಟರೋ ಕೆಟ್ಟಿದೆ. ತಿರುಗಿಸಿದರೆ ರೋಗ ಮುಚ್ಚಿಹೋಗಿ ಮತ್ತೆ ಬರುತ್ತದೆ. ಡಿಸ್ಕ್ ಬ್ರೇಕ್ ಗಾಡಿಗಳಲ್ಲಿ ರಾಡ್ ಹೊರಗೆ ಕಾಣುವುದೇ ಇಲ್ಲ. ಅವುಗಳ ಹಾಳೆಯಿಂದ ಈ ಸಾಲನ್ನೇ ತೆಗೆದಿದ್ದೇವೆ. ಐದನೇ ಆವೃತ್ತಿಯಲ್ಲಿ ಅದಕ್ಕೂ ಟಿಕ್ ಬೀಳುತ್ತಿತ್ತು.

ಒಳಗಿನ ಟೈರಿನ ಕೆಲಸ ಅರ್ಧಕ್ಕೆ ನಿಂತಿದೆ. ಹೊರಗಿನ ಜೊತೆಗಾರ ಭಾರ ಹೊರುವುದರಿಂದ ಒಳಗಿನದು ಗಾಳಿ ಕಳೆದುಕೊಂಡರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಸುತ್ತಿಗೆಯಿಂದ ಬಡಿದು ನೋಡುವವರಿದ್ದಾರೆ. ಸದ್ದಿನಲ್ಲಿ ಪೂರ್ತಿ ಸತ್ತ ಟೈರ್ ತಿಳಿಯಬಹುದು, 100 ಇರಬೇಕಾದಲ್ಲಿ 80 ಪಿಎಸ್‌ಐ ಇರುವುದು ತಿಳಿಯುವುದಿಲ್ಲ. ಶೇಕಡಾ 20ರಷ್ಟು ಕಡಿಮೆಯಾದ ಟೈರನ್ನು ಪಂಕ್ಚರ್ ಎಂದೇ ಎಣಿಸಿ ಬಿಚ್ಚಬೇಕು. ಎರಡೂ ವಾಲ್ವ್ ಎದುರುಬದುರು, 180 ಡಿಗ್ರಿಗೆ ಕೂರುವಂತೆ ಚಕ್ರ ಜೋಡಿಸಿ, ಒಳಗಿನದಕ್ಕೆ ಉದ್ದದ ವಾಲ್ವ್ ಹಾಕುವುದು ನಮ್ಮ ದಾರಿ. ಹೆಣೆದ ಪೈಪಿನ ಉದ್ದ ವಾಲ್ವ್ ಬೇಡ. ಹಿಡಿತದ ಕ್ಲಿಪ್ ಇಲ್ಲದಿದ್ದರೆ ಚಕ್ರದ ತೂತಿನ ಅಂಚಿಗೆ ಉಜ್ಜಿ ಸೋರುತ್ತದೆ. ಗಟ್ಟಿ ಲೋಹದ್ದನ್ನು ಆರ್ಡರ್ ಮಾಡಿದರೆ ಎರಡು ಸಲವೂ ಬಗ್ಗಿದ ಕೋನ ತಪ್ಪಿದ ಮಾಲು ಬಂತು, ಎರಡನೇ ಪೆಟ್ಟಿಗೆಯಲ್ಲಿ ಮುಚ್ಚಳದ ಒಳಗಿನ ರಬ್ಬರ್ ಸೀಲೇ ಇರಲಿಲ್ಲ. ವಾಲ್ವಿನ ಚಿತ್ರದ ಮೇಲೆ ಅಳತೆ ಬರೆದು ಕಳುಹಿಸಿದ ಮೇಲೂ ಹೀಗೆ! ಸರಿಯಾದದ್ದು ಬರುವವರೆಗೆ ಆ ಸಾಲು ಚಾಲಕರ ಹಾಳೆಯಲ್ಲಿ ಇಲ್ಲ, ವಾರಕ್ಕೊಮ್ಮೆ ವರ್ಕ್‌ಶಾಪಿನವರ ಹಾಳೆಯಲ್ಲಿದೆ.

ಬರೆದ ದೋಷಕ್ಕೆ ಉತ್ತರ ಬರದಿದ್ದರೆ ಬರೆಯುವ ಕೈ ನಿಲ್ಲುತ್ತದೆ. ಅದಕ್ಕಾಗಿ ಹಾಳೆಯ ಕೆಳಗೆ ಹರಿದುಕೊಡುವ ಚೀಟಿ ಇದೆ. ಏನು ಮಾಡಿದೆವು, ಅಥವಾ ಯಾಕೆ ಹಾಗೇ ಬಿಟ್ಟೆವು ಎಂದು ಮೆಕ್ಯಾನಿಕ್ ಬರೆದು ಮುಂದಿನ ಟ್ರಿಪ್ಪಿಗೆ ಮೊದಲು ಸ್ಟೇರಿಂಗಿಗೆ ಸಿಕ್ಕಿಸುತ್ತಾರೆ. 'ಸರಿಯಾಗಿದೆ' ಎಂಬ ಒಂದೇ ಪದದ ಉತ್ತರಕ್ಕೆ ಜಾಗ ಕೊಟ್ಟಿಲ್ಲ.

ಮುಂದಿನ ಹುಚ್ಚು ಟ್ರೈಲರ್ ಕೊಂಡಿ. ಎಳೆದು ನೋಡಿದರೆ ಸಾಕೆಂದು ಹಲವರು ನಂಬಿದ್ದಾರೆ, ಆದರೆ ಟ್ರೈಲರ್ ಎತ್ತರ ನಿಂತಾಗ ಕಿಂಗ್ ಪಿನ್ (ಟ್ರೈಲರಿನ ಅಡಿಯ ಕೊಂಡಿ ಗೂಟ) ಅದನ್ನು ಹಿಡಿಯಬೇಕಾದ ದವಡೆಯ ಮೇಲೇ ಕೂತು ಎಳೆತಕ್ಕೂ ತಡೆಯಬಹುದು. ಕಣ್ಣಾರೆ ನೋಡಬೇಕಾದ್ದು ಎರಡು: ಟ್ರೈಲರಿನ ಅಡಿ ತಟ್ಟೆಗೂ ಫಿಫ್ತ್ ವೀಲಿಗೂ (ಅದನ್ನು ಹೊರುವ ಲಾರಿಯ ಕೊಂಡಿ ತಟ್ಟೆ) ಸಂದು ಇರಬಾರದು, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿ ಮುಚ್ಚಿರಬೇಕು. ಕತ್ತಲಲ್ಲಿ, ಗ್ರೀಸಿನ ನಡುವೆ, ಬಗ್ಗಿ ನೋಡುವುದು ಸುಲಭವಲ್ಲ. ಕ್ಯಾಮೆರಾ ಕಟ್ಟುವ ಮೊದಲು ಉದ್ದ ಹಿಡಿಯ ಕನ್ನಡಿ, ಆಯಸ್ಕಾಂತದ ಮೇಲೆ ಕೂರುವ ಪುಟ್ಟ ದೀಪ, ಇಷ್ಟರಲ್ಲೇ ಆಗುತ್ತದೆಯೇ ನೋಡಬೇಕು. ಕನ್ನಡಿಯ ಹಿಡಿಗೆ ಕೋಲಿನಲ್ಲಿ ಮಿಕ್ಕ 20 ಮಿ.ಮೀ. ಕೊಳವೆಯೇ ಸಾಲುತ್ತದೆ, ಕತ್ತರಿಸಿ ಇಟ್ಟಾಗಿದೆ.