ಹಳೆಯ ಲ್ಯಾಪ್‌ಟಾಪಿನ ಮೆಮೊರಿ ದುರಸ್ತಿ: ಆಟಿ ತಿಂಗಳವರೆಗಿನ ಪ್ರಗತಿ

ಉಡುಪಿಯ ಮನೆಯಲ್ಲಿ ಹಳೆಯ ಕನ್ನಡ ಪುಟಗಳ ಸ್ಕ್ಯಾನ್‌ಗಳನ್ನು ಟೆಸೆರ್ಯಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಪಠ್ಯವಾಗಿಸಲು ಬಳಸುತ್ತಿರುವ ಲ್ಯಾಪ್‌ಟಾಪ್ 2012ರ ಕಾಲದ್ದು. ಮೂರನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಹಾರ್ಡ್ ಡಿಸ್ಕ್, ಅದರಲ್ಲಿ ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್. ಮಳೆ ಹಿಡಿದ ಮೇಲೆ ಬ್ರೌಸರ್ ತೆರೆಯುವುದಕ್ಕೂ ಅದು ತಡವರಿಸತೊಡಗಿತು. ರ‍್ಯಾಮ್ ಸ್ಲೋ ಆಗಿದೆ ಎಂಬ ದೂರಿನ ಹಿಂದೆ ಜಾಗದ ಕೊರತೆ ಇರಬಹುದು, ವೇಗದ ಕೊರತೆಯೂ ಇರಬಹುದು. ಎರಡಕ್ಕೂ ಮದ್ದು ಬೇರೆಯಾದ್ದರಿಂದ ಮೊದಲು ಅಳೆದು ನೋಡುವುದೆಂದು ನಿರ್ಧರಿಸಿದೆ.

ಮೆಮೊರಿಯ ಬಳಕೆ ತೋರಿಸುವ ವಿಎಂಸ್ಟ್ಯಾಟ್ ಆಜ್ಞೆ ಸೆಕೆಂಡಿಗೊಮ್ಮೆ ಓಡುವಂತೆ ಬಿಟ್ಟು ಕೆಲಸ ಆರಂಭಿಸಿದಾಗ, ಸ್ವಾಪ್‌ನಿಂದ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಒಳಬರುವುದನ್ನೂ ಸ್ವಾಪ್‌ಗೆ ಹೋಗುವುದನ್ನೂ ತೋರಿಸುವ ಎಸ್‌ಐ, ಎಸ್‌ಒ ಕಾಲಂಗಳು ಸೊನ್ನೆಗೆ ಇಳಿಯಲೇ ಇಲ್ಲ. ಅಪರೂಪಕ್ಕೊಮ್ಮೆ ಅಂಕಿ ಕಂಡರೆ ಚಿಂತಿಸಬೇಕಿಲ್ಲ. ಎರಡರಲ್ಲೂ ಅಂಕಿ ಬಿಡದೆ ಕಾಣುತ್ತಿದ್ದರೆ ಯಂತ್ರ ಡಿಸ್ಕನ್ನೇ ಮೆಮೊರಿಯಾಗಿ ಬಳಸುತ್ತಿದೆ ಎಂದರ್ಥ. ಫ್ರೀ ಆಜ್ಞೆ ಕೊಟ್ಟಾಗ ‘ಫ್ರೀ’ ಕಾಲಂ ನೋಡಿ ಗಾಬರಿಯಾಗುವವರೇ ಹೆಚ್ಚು. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ (ಓದಿದ ಫೈಲುಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು) ತೊಡಗಿಸುವುದರಿಂದ ನೋಡಬೇಕಾದದ್ದು ‘ಅವೈಲಬಲ್’ ಕಾಲಂ. ಇಲ್ಲಿ ಅದೂ ತಳ ಕಂಡಿತ್ತು. ಆದರೆ ನಿಜವಾದ ಸುಳಿವು ಸಿಕ್ಕಿದ್ದು ‘ಟೋಟಲ್’ನಲ್ಲಿ, ಅದು 4 ಜಿಬಿಯನ್ನೂ ಮುಟ್ಟಿರಲಿಲ್ಲ. ಯಂತ್ರದ ಭಾಗಗಳ ವಿವರ ಕೊಡುವ ಡಿಎಂಐಡಿಕೋಡ್ ಆಜ್ಞೆ ಎರಡನೇ ಸ್ಲಾಟ್ ಖಾಲಿ ಎಂದು ಹೇಳಿತು.

ಅಲ್ಲಿಗೆ ಎರಡೂ ಕೊರತೆಗಳ ಮೂಲ ಒಂದೇ ಎಂಬುದು ಸ್ಪಷ್ಟವಾಯಿತು. ಡಿಡಿಆರ್3-1600ರ ಒಂದು ಚಾನೆಲ್‌ಗೆ (ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ದಾರಿ) ಸೆಕೆಂಡಿಗೆ ಗರಿಷ್ಠ 12.8 ಜಿಬಿ, ಎರಡು ಚಾನೆಲ್ ಸೇರಿದರೆ 25.6 ಜಿಬಿ ಸಾಗಿಸುವ ಸಾಮರ್ಥ್ಯವಿದೆ. ಒಂದು ಸ್ಲಾಟ್ ಮಲಗಿದಾಗ ಜಾಗವೂ ದಾರಿಯೂ ಅರ್ಧವಾಗುತ್ತವೆ. ವಿಚಾರಿಸಿದ ಅಂಗಡಿಯವರು ಹೊಸ ರ‍್ಯಾಮ್ ಹಾಕಿಸಿ ಎಂದರು. ರ‍್ಯಾಮ್‌ಗಳನ್ನು ಅದಲುಬದಲು ಮಾಡಿದಾಗ, ಕಾಣದಿದ್ದ ರ‍್ಯಾಮ್ ಮೊದಲ ಸ್ಲಾಟ್‌ನಲ್ಲಿ ಸರಿಯಾಗಿ ಕಂಡಿತು, ಸರಿಯಿದ್ದದ್ದು ಎರಡನೆಯದರಲ್ಲಿ ಕಾಣಲಿಲ್ಲ. ದೋಷ ರ‍್ಯಾಮ್‌ನದಲ್ಲ, ಸ್ಲಾಟ್‌ನದು.

ಬ್ಯಾಟರಿ ತೆಗೆದು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಬಟನ್ ಒತ್ತಿ ಹಿಡಿದು, ಟಾರ್ಚ್ ಬೆಳಕಿನಲ್ಲಿ ನೋಡಿದರೆ ಸ್ಲಾಟ್‌ನ ಒಂದು ತುದಿಯ ಪಿನ್ನುಗಳು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿದ್ದವು. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುವ ಈ ಕರಾವಳಿಯ ಉಪ್ಪು ತೇವದಲ್ಲಿ ಇದೇನೂ ಆಶ್ಚರ್ಯವಲ್ಲ. ಮೃದುವಾದ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಪಿನ್ನುಗಳನ್ನು ಉದ್ದಕ್ಕೆ ಸವರಿ, ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನೂ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದಾಗ 8 ಜಿಬಿ ಕಾಣಿಸಿತು. ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಕ ರಾತ್ರಿಯಿಡೀ ಓಡಿ ಒಂದೂ ದೋಷ ತೋರಲಿಲ್ಲ.

ಮೆಮೊರಿಯ ವೇಗ ನೋಡುವ ಎಂಬಿಡಬ್ಲ್ಯು ಅಳತೆಯಲ್ಲಿ ವೇಗ ಏರಿತಾದರೂ ದುಪ್ಪಟ್ಟಾಗಲಿಲ್ಲ. ಅದು ಒಂದೇ ಕೋರ್ ಬಳಸುವುದರಿಂದ ಎರಡು ಚಾನೆಲ್‌ಗಳನ್ನು ತುಂಬಿಸಲಾರದು. ಆಮೇಲೆ, ಮೆಮೊರಿಯ ಒಂದು ಭಾಗವನ್ನೇ ಅಡಕಗೊಳಿಸಿದ ಸ್ವಾಪ್ ಆಗಿ ಬಳಸುವ ಝಡ್‌ರ‍್ಯಾಮ್ ಸ್ಥಾಪಿಸಿ, ಡಿಸ್ಕ್ ಸ್ವಾಪ್‌ಗಿಂತ ಹೆಚ್ಚಿನ ಆದ್ಯತೆ ಕೊಟ್ಟೆ. ಸ್ವಾಪಿನೆಸ್‌ನ (ಸ್ವಾಪ್‌ನತ್ತ ಎಷ್ಟು ಒಲವು ತೋರಬೇಕೆಂಬ ಅಂಕಿ) ಮೂಲ ಮೌಲ್ಯ 60, ಲಿನಕ್ಸ್ ಕರ್ನಲ್‌ನ 5.8ನೇ ಆವೃತ್ತಿಯಿಂದ ಅದನ್ನು 200ರವರೆಗೂ ಏರಿಸಬಹುದಾದ್ದರಿಂದ ಸದ್ಯ 100ಕ್ಕೆ ಇಟ್ಟಿದ್ದೇನೆ. ಟೆಸೆರ್ಯಾಕ್ಟ್‌ಗೆ ಒಂದೇ ಥ್ರೆಡ್ (ಏಕಕಾಲದಲ್ಲಿ ಸಾಗುವ ಕೆಲಸದ ಎಳೆ) ಕೊಟ್ಟು ಎರಡು ಪುಟಗಳನ್ನು ಒಟ್ಟಿಗೆ ಓಡಿಸಿದರೂ ಎಸ್‌ಒ ಕಾಲಂ ಬಹುತೇಕ ಸೊನ್ನೆಯಲ್ಲಿದೆ. ಮೂರು ಪುಟಗಳ ಪರೀಕ್ಷೆ ಇನ್ನೂ ಬಾಕಿ.